ತಿಗನಾರೆ ಗುಡ್ಡದ ತಪ್ಪು ಗೆರೆ

ನೆಂಟರ ಮುಂದೆ ನಮ್ಮ ಮಾವನವರು ನನ್ನನ್ನು ಪರಿಚಯಿಸುತ್ತಿದ್ದುದು ಹೀಗೆ: “ಇವ್ರು ನಮ್ಮಳಿಯಂದ್ರು. ಗೌರ್ಮೆಂಟಲ್ಲಿ ಕಲ್ಲು ಒಡೀತಾರ.” ಕೇಳಿದವರು ಯಾವ ಜೈಲು ಎಂದು ಕೇಳಲಿಲ್ಲ, ಅದೇ ಪುಣ್ಯ. ಭೂವಿಜ್ಞಾನಿ ಎಂಬ ಪದವನ್ನು ನಾನು ಅವರಿಗೆ ಹತ್ತಾರು ಸಲ ಹೇಳಿಕೊಟ್ಟೆ. ಕಡೆಗೆ ನಾನೇ ಸೋತು ಸುಮ್ಮನಾದೆ. ಯೋಚಿಸಿದರೆ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ತಾಳವಾಡಿ ಕಡೆ ಹುಟ್ಟಿ, ಮನೆಯಲ್ಲಿ ಕನ್ನಡ ಆಡಿ, ಕಚೇರಿಯಲ್ಲಿ ತಮಿಳಿನಲ್ಲಿ ಫೈಲು ಬರೆದು, ಅಂತರ್ಜಲದ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದವನು ನಾನು. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಕೆಲವರು ನನ್ನನ್ನು ಹುಡುಕಿಕೊಂಡು ಬಂದು, “ಸಾರ್, ಕೆಲಸ ಹೇಗಿರುತ್ತೆ?” ಎಂದು ಕೇಳುತ್ತಾರೆ. ಯಾವ ವರ್ಷ ಬಡ್ತಿ ಬಂತು, ಯಾವ ಊರಿಗೆ ವರ್ಗವಾಯಿತು ಎನ್ನುವುದರಿಂದ ಅವರಿಗೆ ಮೂರು ಕಾಸಿನ ಉಪಯೋಗವಿಲ್ಲ. ನಾನು ಎಲ್ಲೆಲ್ಲಿ ಎಡವಿದೆ ಎಂದು ಹೇಳಿದರೆ ಅವರ ಕಾಲ್ಬೆರಳಾದರೂ ಉಳಿದೀತು.

ನನ್ನ ಮೊದಲ ಮೇಲಧಿಕಾರಿ ವಿಚಿತ್ರ ಮನುಷ್ಯ. ಕೆಲಸಕ್ಕೆ ಸೇರಿದ ದಿನವೇ ನನ್ನ ಚೀಲ ತಡಕಿ, ಅದರಲ್ಲಿದ್ದ ರಬ್ಬರನ್ನು ಕಿಟಕಿಯಿಂದಾಚೆ ಎಸೆದರು. ಫೀಲ್ಡ್ ಪುಸ್ತಕದಲ್ಲಿ ತಪ್ಪಾದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ಅಳಿಸಕೂಡದು. ತಪ್ಪೂ ಓದಲು ಸಿಗಬೇಕು ಎನ್ನುವುದು ಅವರ ನಿಯಮ. ಕಲ್ಲಿನ ಕಣ ಚೆನ್ನಾಗಿ ಕಾಣಲಿ ಎಂದು ಅದನ್ನು ನಾಲಿಗೆಯಿಂದ ನೆಕ್ಕಿ ನೋಡುವುದನ್ನೂ ಅವರೇ ಕಲಿಸಿದರು. ಮದುವೆಯಾದ ಹೊಸದರಲ್ಲಿ ಹೊಲದ ಬದುವಿನ ಮೇಲೆ ಕೂತು ನಾನು ಕಲ್ಲು ನೆಕ್ಕುತ್ತಿದ್ದುದನ್ನು ಕಂಡು ನನ್ನ ಹೆಂಡತಿ ಮಂಗಳ ತವರಿಗೆ ಹೋಗಿ ಅತ್ತಿದ್ದಳಂತೆ. ಇದನ್ನು ಆಕೆ ಇವತ್ತಿಗೂ ಒಪ್ಪುವುದಿಲ್ಲ.

ಮೊದಲ ದೊಡ್ಡ ಎಡವಟ್ಟು ಗುಮಟಾಪುರದ ಬಳಿ ಆಯಿತು. ಹೊಲದ ಅಂಚಿನಲ್ಲಿ ಕರ್ರಗೆ ಮಿರಮಿರ ಮಿಂಚುವ ಕಲ್ಲೊಂದು ಕಂಡಿತು. ಅಪರೂಪದ್ದು ಸಿಕ್ಕಿತೆಂದು ಸುತ್ತಿಗೆ ಎತ್ತಿದೆ. ಅದು ತಲೆಮಾರುಗಳಿಂದ ಎಣ್ಣೆ ಹಚ್ಚಿಸಿಕೊಂಡ ದೇವರು. ಸದ್ಯ, ಏಟು ಬೀಳುವ ಮೊದಲೇ ಮುದುಕರೊಬ್ಬರು ನನ್ನ ಕೈ ಹಿಡಿದರು. ನಾಲ್ಕು ಜನ ಸೇರಿ ನನ್ನನ್ನು ಕೂರಿಸಿ, ನನ್ನ ಕೈಯಿಂದಲೇ ಆ ಕಲ್ಲಿಗೆ ಸ್ನಾನ ಮಾಡಿಸಿ, ಅದಕ್ಕೆ ಅಡ್ಡಬೀಳಿಸಿದರು. ದೀಪಾವಳಿಯ ಹಿಂದೆಯೇ ಬರುವ, ಒಬ್ಬರ ಮೇಲೊಬ್ಬರು ಸಗಣಿಯುಂಡೆ ಎಸೆದಾಡುವ ಅವರೂರಿನ ಸಗಣಿ ಹಬ್ಬ ಮುಗಿದು ಎರಡು ದಿನವಾಗಿತ್ತು. “ಸಗಣಿ ಉಂಡ ಇನ್ನೂ ಉಳ್ದವ ಸಾಮಿ, ಇನ್ನೊಂದ್ಸಲ ಸುತ್ತಗ ಎತ್ತಿ ನೋಡಿ” ಎಂದು ಆ ಮುದುಕರು ನಕ್ಕರು. ಅಂದಿನಿಂದ ಸುತ್ತಿಗೆ ಎತ್ತುವ ಮೊದಲು ಊರವರನ್ನು ಒಂದು ಮಾತು ಕೇಳುವುದು ಅಭ್ಯಾಸವಾಯಿತು.

ಇವೆಲ್ಲ ನಕ್ಕು ಹೇಳಬಹುದಾದ ತಪ್ಪುಗಳು. ನಗಲಾರದ ತಪ್ಪೊಂದಿದೆ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ ಹಾಕಿದ್ದು.

ಎರಡು ಸಾವಿರದ ಐದೋ ಆರೋ ಇರಬೇಕು. ತಿಗನಾರೆಯ ಆಚೆ ಕೂಲಿ ಮಾಡುವವರ ಒಂದು ಕಾಲನಿಗೆ ಬೋರು ಕೊರೆಸಲು ಮಂಜೂರಾಗಿತ್ತು. ಒಂದೇ ಬೋರು. ನೀರು ಬಂದರೆ ಬಂತು. ಬಾರದಿದ್ದರೆ ಆ ಕಾಲನಿಯ ಹೆಸರು ಪಟ್ಟಿಯ ಬುಡಕ್ಕೆ ಹೋಗಿ, ಮತ್ತೆ ಮೇಲೆ ಬರಲು ಎಷ್ಟು ವರ್ಷವೋ ದೇವರೇ ಬಲ್ಲ. ಅಲ್ಲಿಯ ಹೆಂಗಸರು ನೀರಿಗೆ ಪಕ್ಕದ ಗೌಡರ ಹೊಲದ ಬಾವಿಗೆ ಹೋಗುತ್ತಿದ್ದರು. ಬಾವಿಯನ್ನು ಅವರು ಮುಟ್ಟುವಂತಿರಲಿಲ್ಲ. ಕೊಡಗಳನ್ನು ಸಾಲಾಗಿಟ್ಟು ದೂರ ನಿಲ್ಲಬೇಕು, ಗೌಡರ ಮನೆಯವರು ಯಾರಾದರೂ ಬಂದು ಸೇದಿ ಹುಯ್ಯಬೇಕು. ಅವರು ಬರುವುದು ಅವರ ಕೆಲಸ ಮುಗಿದಾಗ. ಕೆಲವು ದಿನ ಮಧ್ಯಾಹ್ನದವರೆಗೂ ನಿಂತದ್ದುಂಟು, ಅಂಥ ದಿನದ ಕೂಲಿಯೂ ಹೋಯಿತು. ನಾನೂ ಆ ಗೌಡರ ಹಾಗೆ ಶಿವಪೂಜೆಯ ಮನೆಯವನೇ, ನನ್ನ ಹೆಂಡತಿಯ ತವರು ಪಣಕಹಳ್ಳಿಯವರೂ ಹೊಲಮನೆ ಇದ್ದವರೇ. ಆ ಸಾಲನ್ನು ಚಿಕ್ಕಂದಿನಿಂದ ಕಂಡವನು. ಕಂಡೂ ಏನೂ ಅನ್ನಿಸದೆ ಬೆಳೆದವನು.

ಜಾಗ ಗುರುತು ಮಾಡುವ ಕೆಲಸ ನನಗೆ ಬಂತು. ಆಗ ನೆಲದೊಳಕ್ಕೆ ಕರೆಂಟು ಬಿಟ್ಟು ನೀರಿನ ಸುಳಿವು ಹಿಡಿಯುವ ಯಂತ್ರ ಬಂದಿತ್ತು, ಆದರೆ ಇಡೀ ಜಿಲ್ಲೆಗೆ ಇದ್ದದ್ದೇ ಒಂದು. ಅದು ಬೇರೆ ತಾಲೂಕಿಗೆ ಹೋಗಿತ್ತು. ನನ್ನ ಬಳಿ ಇದ್ದದ್ದು ಹಳೆಯ ಕಂಪಾಸು, ನಕಾಶೆ, ಮತ್ತು ಅನುಭವಸ್ಥನೆಂಬ ಜಂಬ.

ಕಾಲನಿಯ ಪಕ್ಕದ ಗುಡ್ಡದ ಮೇಲೆ ಕರಿಕಲ್ಲಿನ ಗೋಡೆಯೊಂದು ನೆಲದಿಂದ ತಲೆಯೆತ್ತಿದೆ. ನಮ್ಮ ವೃತ್ತಿಯಲ್ಲಿ ಅದಕ್ಕೆ ಡೈಕ್ ಎನ್ನುತ್ತೇವೆ. ಭೂಮಿಯ ಬಿರುಕಿಗೆ ಕಾದ ಕಲ್ಲಿನ ರಸ ನುಗ್ಗಿ ಗಟ್ಟಿಯಾದದ್ದು. ಗುಡ್ಡ ಇಳಿದ ಮೇಲೆ ಅದು ಮಣ್ಣಿನ ಅಡಿಯಲ್ಲೇ ಓಡುತ್ತದೆ. ಒಳಗೆ ಹರಿದು ಬರುವ ನೀರಿಗೆ ಅದು ಕಟ್ಟೆ ಇದ್ದಹಾಗೆ. ಗೋಡೆಯ ಮೇಲುಗಡೆ ಕೊರೆದರೆ ನೀರು, ಕೆಳಗಡೆ ಕೊರೆದರೆ ಬರಿಯ ಧೂಳು. ಹಾಗಾಗಿ ಗೋಡೆ ಯಾವ ದಿಕ್ಕಿಗೆ ಓಡುತ್ತದೆ ಎನ್ನುವುದೇ ಎಲ್ಲ.

ದಿಕ್ಕು ಅಳೆಯುವುದಕ್ಕೆ ಒಂದು ಕ್ರಮವಿದೆ. ಈ ತುದಿಯಿಂದ ಆ ತುದಿಗೆ ಒಮ್ಮೆ ಕಂಪಾಸು ಹಿಡಿದು ನೋಡಬೇಕು. ಆಮೇಲೆ ಆ ತುದಿಗೆ ನಡೆದು ಹೋಗಿ, ಅಲ್ಲಿಂದ ಈ ತುದಿಗೆ ಎದುರು ಅಳತೆ ತೆಗೆಯಬೇಕು. ಎರಡಕ್ಕೂ ಸರಿಯಾಗಿ ನೂರೆಂಬತ್ತು ಡಿಗ್ರಿ ವ್ಯತ್ಯಾಸ ಬಂದರೆ ಅಳತೆ ಶುದ್ಧ. ಬಾರದಿದ್ದರೆ ಎಲ್ಲೋ ಮುಳ್ಳು ಮೋಸ ಹೋಗಿದೆ ಎಂದರ್ಥ. ನಾನು ಗುಡ್ಡದ ಮೇಲಿಂದ ಅಳೆದೆ, ಅರವತ್ತೆರಡು ಬಂತು. ಗೋಡೆ ಮತ್ತೆ ಕಾಣುವ ಇನ್ನೊಂದು ತುದಿ ಕೆಳಗಿನ ಹಳ್ಳದಲ್ಲಿ. ಅಲ್ಲಿ ಲಂಟಾನ ಪೊದೆಯಲ್ಲಿ ಆನೆ ಇಳಿದಿದೆ ಎಂದು ಕಾಡಿನ ಕಾವಲಿನವರು ತಡೆದರು. ಸಂಜೆಯ ಬಸ್ಸಿಗೂ ಹೊತ್ತಾಗಿತ್ತು. ಇಷ್ಟು ವರ್ಷದಲ್ಲಿ ಎಷ್ಟು ಡೈಕು ನೋಡಿಲ್ಲ ಎಂದುಕೊಂಡು ಇಳಿದು ಬಂದೆ. ಮಾರನೆಯ ದಿನ ಕಚೇರಿಯ ಫ್ಯಾನಿನ ಕೆಳಗೆ ಕೂತು, ಅರವತ್ತೆರಡಕ್ಕೆ ನೂರೆಂಬತ್ತು ಕೂಡಿ, ‘ಎದುರು ಅಳತೆ ಇನ್ನೂರ ನಲವತ್ತೆರಡು’ ಎಂದು ದುಂಡಗೆ ಬರೆದೆ. ನಕಾಶೆಯ ಮೇಲೆ ಗೆರೆ ಎಳೆದೆ. ಅದನ್ನು ನಂಬಿ ಕಾಲನಿಯಲ್ಲಿ ಗೂಟ ಹೊಡೆಸಿದೆ. ನಮ್ಮ ಕೆಲಸದವರನ್ನು ಬಿಟ್ಟು ಈ ಪಾಪ ಬೇರೆ ಯಾರೂ ಮಾಡಲಾರರು. ಮಾಡಿಯೇ ಇಲ್ಲ ಎಂದು ಎದೆ ಮುಟ್ಟಿ ಹೇಳುವವರೂ ನಮ್ಮಲ್ಲಿ ಕಡಿಮೆ.

ಬೋರಿನ ಗಾಡಿ ಸೋಮವಾರ ಬೆಳಿಗ್ಗೆ ದಿಂಬಂ ಘಟ್ಟ ಹತ್ತಿ ಬರುವುದೆಂದು ನಿಶ್ಚಯವಾಯಿತು. ಆ ಹೊತ್ತಿಗೆ ಏಳನೆಯ ತರಗತಿಯಲ್ಲಿದ್ದ ನನ್ನ ಮಗಳು ಶಶಿಗೆ ಶಾಲೆಯ ವಸ್ತುಪ್ರದರ್ಶನಕ್ಕೆ ಐದು ಬಗೆಯ ಕಲ್ಲು ಬೇಕಾಗಿತ್ತು. “ಊರೋರ್ಗೆಲ್ಲ ಕಲ್ಲು ತೋರುಸ್ತೀರಿ. ಎಂಡ್ತಿ ಮಕ್ಕಳ್ನ ಒಂದಿನ ಕರ್ಕಂಡೋಗಿದ್ದೀರಾ?” ಎಂದು ಮಂಗಳ ಕೇಳಿದಳು. ಶನಿವಾರ ಮೂವರೂ ಸತ್ಯಮಂಗಲದಿಂದ ಹೊರಟು ಪಣಕಹಳ್ಳಿಯ ತವರುಮನೆ ಸೇರಿದೆವು. ಭಾನುವಾರ ಬೆಳಿಗ್ಗೆ ರೊಟ್ಟಿ, ಉಚ್ಚೆಳ್ಳು ಚಟ್ನಿ ಕಟ್ಟಿಸಿಕೊಂಡು ತಿಗನಾರೆ ಬಸ್ಸು ಹತ್ತಿದೆವು.

ಅಷ್ಟು ಸಂತೋಷದ ಬೆಳಗು ನನ್ನ ಕೆಲಸದಲ್ಲಿ ಬೇರೆ ಬಂದಿಲ್ಲ. ಶಶಿ ಬೆಣಚುಕಲ್ಲು ಆರಿಸಿದಳು, ಕಾಗೆಬಂಗಾರ ಮಿಂಚುವ ಚೂರು ಆರಿಸಿದಳು. ಪಟ್ಟೆಪಟ್ಟೆಯ ಪದರಗಲ್ಲಿನ ಮೇಲೆ ಅವಳನ್ನು ನಿಲ್ಲಿಸಿ, “ನಿನ್ನ ಕಾಲ ಕೆಳಗಿರುವುದಕ್ಕೆ ಇನ್ನೂರೈವತ್ತು ಕೋಟಿ ವರ್ಷ” ಎಂದೆ. ಅವಳು ಮೆಲ್ಲಗೆ ಪಕ್ಕಕ್ಕೆ ಸರಿದು ನಿಂತಳು, ದೊಡ್ಡವರನ್ನು ತುಳಿದವಳ ಹಾಗೆ.

ಗುಡ್ಡದ ಅರ್ಧದಲ್ಲಿ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಕಲ್ಮನೆಗಳಿವೆ. ಊರವರಿಗೆ ಅವು ಪಾಂಡವರ ಮನೆ. ಕಬ್ಬಿಣ ಕರಗಿಸಲು ಕಲಿತ ಕಾಲದ ಜನ ಸತ್ತವರಿಗಾಗಿ ಕಟ್ಟಿದ್ದು, ಪಾಂಡವರು ಇಲ್ಲಿಗೆ ಬರಲಿಲ್ಲ ಎಂದು ನಾನು ವಿವರಿಸಿದೆ.

“ಬರ್ನಿಲ್ಲ ಅಂತ ನೀವು ಕಂಡಿದ್ದರಾ?” ಎಂದಳು ಮಂಗಳ.

ಶಶಿ ಒಳಗೆ ತೂರಿ ಕೂತು, “ಅಪ್ಪ, ಪಕ್ಕದಲ್ಲೇ ಕರಿಕಲ್ಲು ಇದೆ. ಇವರು ಯಾಕೆ ಪಟ್ಟೆ ಕಲ್ಲಲ್ಲೇ ಕಟ್ಟಿದ್ದಾರೆ?” ಎಂದಳು. ಒಳ್ಳೆಯ ಪ್ರಶ್ನೆ. ಪದರಗಲ್ಲು ಹಲಗೆಯ ಹಾಗೆ ಸೀಳುತ್ತದೆ, ಕರಿಕಲ್ಲು ಹೇಳಿದಂತೆ ಕೇಳುವುದಿಲ್ಲ. ಕಾಲೇಜಿಲ್ಲದ ಕಾಲದಲ್ಲೂ ಅದು ಗೊತ್ತಿದ್ದ ಜನ ಇದ್ದರು ಎಂದೆ.

ಗುಡ್ಡದ ತುದಿಯ ಕರಿಗೋಡೆಯ ಮೇಲೆ ಕೂತು ತಿಂಡಿ ತಿಂದೆವು. ಶಶಿಗೆ ಕಂಪಾಸು ಕೊಟ್ಟೆ. ಗೋಡೆಯ ದಿಕ್ಕು ಓದಿ, “ಅರವತ್ತೆರಡು! ನಿಮ್ಮ ಪುಸ್ತಕದಲ್ಲಿ ಇರೋದೇ ಬಂತು” ಎಂದು ಬೀಗಿದಳು. ಎದುರು ಅಳತೆಯ ನಿಯಮವನ್ನೂ ಹೇಳಿಕೊಟ್ಟೆ, ಬಹಳ ಗಂಭೀರವಾಗಿ, ಅದನ್ನು ಎಂದೂ ತಪ್ಪಿಸಕೂಡದು ಎಂದು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿದ್ದಿತ್ತಂತೆ.

ಆನೆಗಳು ಆಚೆ ಕಾಡಿಗೆ ದಾಟಿವೆ ಎಂದು ಕಾವಲಿನವರು ಹೇಳಿದ್ದರು. ಮಂಗಳ ಕಾಲು ನೋವೆಂದು ಮೇಲೆಯೇ ಕೂತಳು. ನಾನೂ ಶಶಿಯೂ ಹಳ್ಳಕ್ಕಿಳಿದೆವು. ಅಲ್ಲಿ ನೀರು ಕೊರೆದ ದಡದಲ್ಲಿ ಅದೇ ಗೋಡೆ ಕಾಣಿಸಿತು. ಅದೇ ಕಪ್ಪು, ಅದೇ ಅಗಲ, ಅದೇ ಕಣ. ಮೇಲೆ ನೋಡಿದರೆ ಗೋಡೆಯ ಇನ್ನೊಂದು ತುದಿಯಲ್ಲಿ ಮಂಗಳಳ ಕೆಂಪು ಸೀರೆ.

“ಅಮ್ಮನ ಕಡೆ ಹಿಡಿದು ಓದು. ಎಷ್ಟು ಬರಬೇಕು?”

“ಇನ್ನೂರ ನಲವತ್ತೆರಡು.” ಕಂಪಾಸು ಹಿಡಿದಳು. ಮತ್ತೆ ಹಿಡಿದಳು. “ಅಪ್ಪ, ಇನ್ನೂರ ಹತ್ತೊಂಬತ್ತು ಬರ್ತಿದೆ.”

“ಕೈ ಅಲ್ಲಾಡಿಸಬೇಡ. ಸರಿಯಾಗಿ ನೋಡು” ಎಂದು ಗದರಿದೆ. ಮೂರನೆಯ ಸಲವೂ ಅದೇ ಬಂದು ಅವಳ ಕಣ್ಣು ತುಂಬಿತು. ಕಂಪಾಸು ಕಿತ್ತುಕೊಂಡು ನಾನೇ ನೋಡಿದೆ. ಇನ್ನೂರ ಹತ್ತೊಂಬತ್ತು. ಸುತ್ತಿಗೆಯನ್ನು ದೂರ ಇಟ್ಟು ಬಂದು ನೋಡಿದೆ. ಇನ್ನೂರ ಹತ್ತೊಂಬತ್ತು.

ಆಗ ಹೊಳೆಯಿತು. ಗುಡ್ಡದ ನೆತ್ತಿಯಲ್ಲಿ ಕರಿಗೋಡೆಗೆ ತಾಗಿಕೊಂಡು ಕಬ್ಬಿಣದ ಅಂಶವಿರುವ ಕಲ್ಲಿನ ಪಟ್ಟಿಯಿದೆ. ಅದು ಮುಳ್ಳನ್ನು ಎಳೆದಿತ್ತು. ಹಿಂದಿನ ಸಲ ನನ್ನ ಕಣ್ಣಿಗೂ ಅರವತ್ತೆರಡನ್ನೇ ತೋರಿಸಿತ್ತು, ಇವತ್ತು ಮಗಳ ಕಣ್ಣಿಗೂ. ಗೋಡೆಯ ನಿಜವಾದ ದಿಕ್ಕು ಮೂವತ್ತೊಂಬತ್ತು. ನನ್ನ ಗೆರೆಗೂ ನಿಜವಾದ ಗೋಡೆಗೂ ನಡುವೆ ಇಪ್ಪತ್ತಮೂರು ಡಿಗ್ರಿ, ಮತ್ತು ಆ ನಡುವಿನಲ್ಲೇ ಕಾಲನಿಯ ಗೂಟ. ಎಂದರೆ ಗೂಟ ಗೋಡೆಯ ಕೆಳಗಡೆ ಇತ್ತು. ನಾಳೆ ಬೆಳಿಗ್ಗೆ ಅವರಿಗೆ ಧೂಳು ಕುಡಿಸಲಿದ್ದೆ.

ಪುಸ್ತಕ ತೆಗೆದು ನೋಡಿದೆ. ಇನ್ನೂರ ನಲವತ್ತೆರಡು, ನನ್ನದೇ ಅಕ್ಷರ. ಫೀಲ್ಡಿನಲ್ಲಿ ಬರೆದ ಬೇರೆಲ್ಲ ಅಂಕಿಗಳೂ ವಕ್ರ, ಇದೊಂದು ಮಾತ್ರ ದುಂಡಗಿತ್ತು. ಮಗಳ ಮುಂದೆ ನಾಚಿಕೆಯಾಯಿತು. “ನೀನು ಓದಿದ್ದು ಸರಿ. ಅಪ್ಪ ಬರೆದದ್ದೇ ಸುಳ್ಳು” ಎಂದೆ. ಅವಳು ಸೆರಗಿಲ್ಲದ ಹುಡುಗಿ, ನನ್ನ ಅಂಗಿಯ ತೋಳಿಗೇ ಕಣ್ಣು ಒರೆಸಿಕೊಂಡಳು.

ಗುಡ್ಡ ಹತ್ತಿ ಮಂಗಳಳಿಗೆ ಹೇಳಿದೆ. ಆಕೆ ಕೈ ಚಾಚಿ ತೋರಿಸಿದಳು: “ಅಗಾ, ಆ ಗೆರೆಯಿಂದೀಚ್ಗ ಉಲ್ಲು ಅಸ್ರಾಗದ, ಆಚ್ಗ ಒಣುಗ್ಬುಟ್ಟದ. ಬೆಳುಗ್ಗಿಂದ ನೋಡ್ಕಂಡೇ ಕೂತಿವ್ನಿ. ನಿಮ್ಗ ಗೊತ್ತಿದ್ದದು ಅನ್ಕಂಡಿ.” ಹಸಿರಿನ ಅಂಚು ನೇರವಾಗಿ ಹಳ್ಳದ ಆ ಕಪ್ಪು ಗೋಡೆಗೇ ಹೋಗಿ ಮುಟ್ಟುತ್ತಿತ್ತು. ಹೊಲದ ಮನೆಯ ಮಗಳು ತಿಂಡಿ ತಿನ್ನುತ್ತ ಕಂಡದ್ದನ್ನು ನಾನು ಸರ್ಕಾರದ ಸಂಬಳ ತೆಗೆದುಕೊಂಡು ಕಂಡಿರಲಿಲ್ಲ.

ತಾಳವಾಡಿಗೆ ಹೋಗಿ ಎಸ್‌ಟಿಡಿ ಬೂತಿನಿಂದ ನಮ್ಮ ಸಾಹೇಬರ ಮನೆಗೆ ಫೋನ್ ಮಾಡಿದೆ. ಆಗಿದ್ದವರು ಬಯಲುಸೀಮೆಯ ತಮಿಳರು, ಮುಖದಲ್ಲಿ ನಗುವೇ ಇಲ್ಲದವರು. ಒಂದೂವರೆ ವರ್ಷದಿಂದ ಅವರನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದೆ. ಅಳೆದೆ ಎಂದು ಬರೆದದ್ದನ್ನು ಅಳೆದಿರಲಿಲ್ಲ ಎಂದು ತಮಿಳಿನಲ್ಲಿ ತೊದಲುತ್ತ ಒಪ್ಪಿಕೊಂಡೆ. ಅವರು ಕೇಳಿದ್ದು ಒಂದೇ: “ಹಳೆಯ ಅಂಕಿ ಅಳಿಸಿದೆಯಾ?” ಇಲ್ಲ, ಗೆರೆ ಹೊಡೆದಿದ್ದೇನೆ ಎಂದೆ. “ಸರಿ. ಗೂಟ ಬದಲಾಯಿಸು. ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ. ನಾಳೆ ಕೊರೆದು ಮುಗಿಯುವವರೆಗೆ ಅಲ್ಲೇ ಇರು. ನೀರು ಬಾರದಿದ್ದರೆ ಊರವರಿಗೆ ನೀನೇ ನಿಂತು ಹೇಳಬೇಕು” ಎಂದು ಫೋನಿಟ್ಟರು. ನನ್ನ ಕೆಲಸ ಉಳಿಯಿತೋ ಹೋಯಿತೋ ತಿಳಿಯಲಿಲ್ಲ. ಆದರೂ ಅರ್ಧ ಭಾರ ಇಳಿಯಿತು.

ಇನ್ನರ್ಧ ಕಾಲನಿಯಲ್ಲಿ ಕಾದಿತ್ತು. ಮೂವರೂ ಅಲ್ಲಿಗೆ ಹೋದಾಗ ಬಿಸಿಲು ಇಳಿಯುತ್ತಿತ್ತು. ಗೂಟದ ಸುತ್ತ ಸಗಣಿ ಸಾರಿಸಿ, ಗೂಟಕ್ಕೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಸುತ್ತಿ, ಕಾಯಿ ಒಡೆದಿದ್ದರು. ಕಾಲನಿಯ ಹಿರಿಯಳು ಸಿದ್ದಮ್ಮ, ನಾಳೆ ಗಾಡಿ ಬರುವ ದಾರಿಯ ಮುಳ್ಳು ಸವರುತ್ತಿದ್ದಳು. ಜೊತೆಗೆ ಅವಳ ಮಗ ಮಾದ, ಮೂವತ್ತರ ಆಳು.

ಗೂಟ ತಪ್ಪು ಜಾಗದಲ್ಲಿದೆ, ಮೇಲುಗಡೆ ಪುರಂಬೋಕಿಗೆ, ಸರ್ಕಾರದ ಖಾಲಿ ಜಾಗಕ್ಕೆ, ಸರಿಸಬೇಕು ಎಂದೆ. ಮಾದನ ಮುಖ ಬಿಗಿಯಿತು. “ಅಲ್ಲಿಗಾ? ಅದು ಗೌಡ್ರ ಬೇಲಿ ಪಕ್ಕ. ಅವತ್ತು ಇಲ್ಲಿ ಅಂದ್ರಿ, ಇವತ್ತು ಅಲ್ಲಿ ಅಂತೀರಿ. ಯಾರು ಏಳ್ಕೊಡ್ತಾವ್ರ ಸಾರ್ ನಿಮ್ಗ?”

ಆ ಮಾತು ನನ್ನನ್ನು ಇರಿಯಿತು, ಆದರೆ ಅವನು ಕೇಳಿದ್ದು ನ್ಯಾಯವಾಗಿತ್ತು. ನನ್ನ ಜಾತಿ ಅವನಿಗೆ ಗೊತ್ತಿತ್ತು, ಗೌಡರದೂ ಅದೇ ಎಂದು ಗೊತ್ತಿತ್ತು; ನೀರನ್ನು ಗೌಡರ ಕಡೆಗೆ ಎಳೆಯುತ್ತಿದ್ದೇನೆ ಎಂದು ಅವನ ಅನುಮಾನ. ಬಾಯಿಮಾತು ಉಪಯೋಗವಿಲ್ಲ ಅನ್ನಿಸಿ ಕಂಪಾಸನ್ನು ಅವನ ಅಂಗೈ ಮೇಲಿಟ್ಟೆ. ಅವನ ತಾಯಿಯ ಕೈಯಲ್ಲಿದ್ದ ಕುಡುಗೋಲನ್ನು ಹತ್ತಿರ ಹಿಡಿಯಲು ಹೇಳಿದೆ. ಮುಳ್ಳು ಸರ್ರನೆ ಅತ್ತ ತಿರುಗಿತು. ಕುಡುಗೋಲು ತೆಗೆದರೆ ಹಿಂದಕ್ಕೆ ಬಂತು. ಅವನೇ ನಾಲ್ಕು ಸಲ ಮಾಡಿ ನೋಡಿದ.

“ಗುಡ್ಡದ ಮೇಲೆ ಇಂಥದೇ ಕಬ್ಬಿಣದ ಕಲ್ಲಿದೆ. ಅದು ಮುಳ್ಳನ್ನು ಎಳೆಯಿತು. ಕೆಳಗಿನಿಂದಲೂ ಅಳೆದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ನಾನು ಅಳೆಯಲಿಲ್ಲ. ಅಳೆದೆ ಅಂತ ಬರೆದೆ. ಯಾರೂ ಹೇಳಿಕೊಟ್ಟದ್ದಲ್ಲ ಮಾದ, ತಪ್ಪು ನಂದೇ” ಎಂದೆ.

ಮಾದ ತಾಯಿಯನ್ನು ನೋಡಿದ. “ಪೂಜ ಬೇರ ಆಗೋಗದಲ್ಲವ್ವ.”

ಸಿದ್ದಮ್ಮ ಕೈಯ ಮಣ್ಣು ಒರೆಸಿಕೊಂಡಳು. “ದ್ಯಾವ್ರ್ನ ಏನ್ಲಾ ಗೂಟುಕ್ಕ ಕಟ್ಟಾಕಿದ್ದವಾ? ಎತ್ತು ಅದ.” ಅವನು ಅಲ್ಲಾಡಿಸಿ ಕಿತ್ತ ಗೂಟವನ್ನು ಹೂವು ಸಮೇತ ಸೆರಗಿನಲ್ಲಿ ಹಿಡಿದು, “ಎಲ್ಲಿಗ, ನಡೀರಿ ಸಾಮಿ” ಎಂದಳು.

ಸೋಮವಾರ ಗಾಡಿ ಬಂತು. ಶಶಿ ಶಾಲೆ ತಪ್ಪಿಸಿಕೊಂಡಳು. ನೂರು ಅಡಿ ಧೂಳು. ನೂರೈವತ್ತು, ಧೂಳು. ಮಾದ ನನ್ನ ಕಡೆ ನೋಡುತ್ತಿರಲಿಲ್ಲ. ನೂರೆಂಬತ್ತರ ಹತ್ತಿರ ಧೂಳು ಬರುವುದು ನಿಂತು ಬೂದಿ ಬಣ್ಣದ ಕೆಸರು ಉಕ್ಕಿತು. ಅದರ ಹಿಂದೆಯೇ ನೀರು, ಆಳೆತ್ತರ. ನಾನು ಅಲ್ಲೇ ಒಂದು ಬಂಡೆಯ ಮೇಲೆ ಕುಸಿದು ಕೂತೆ. ಮಂಗಳ ಬಂದು ಪಕ್ಕದಲ್ಲಿ ಕೂತು, “ಈಗ ಅಳ್ಬೇಡಿ, ನೋಡ್ದೋರು ನಕ್ಕಾರು” ಎಂದಳು. ನೀರಿನ ಹನಿ ಎಂದು ಹೇಳಿಕೊಳ್ಳಲು ಅನುಕೂಲವಾಗಿತ್ತು, ಎಲ್ಲರೂ ನೆನೆದಿದ್ದರು. ಆ ಹಗುರ ಇವತ್ತೂ ನೆನಪಿದೆ. ಸಾಹೇಬರು ನನ್ನ ಮೇಲೆ ಏನೂ ಬರೆಯಲಿಲ್ಲ. ಮುಂದೆ ಯಂತ್ರ ನಮ್ಮ ಕಡೆ ಬಂದಾಗ ಅದನ್ನು ಹಳೆಯ ಗೂಟದ ಜಾಗದಲ್ಲಿ ಇಟ್ಟು ನೋಡಿದೆ. ಅಡಿಯಲ್ಲಿ ಒಣ ಬಂಡೆ ಬಿಟ್ಟರೆ ಏನೂ ಇರಲಿಲ್ಲ.

ಈಗ ನಿಮಗೆ ಉಪಗ್ರಹ ಜಾಗ ತೋರಿಸುತ್ತದೆ, ಕೈಯಲ್ಲಿನ ಫೋನು ದಿಕ್ಕು ಹೇಳುತ್ತದೆ. ಒಳ್ಳೆಯದೇ. ಆದರೆ ಆ ತುದಿಗೆ ನಡೆಯದೆಯೇ ನಡೆದೆ ಎಂದು ಬರೆಯುವ ಕೈ ನನಗಿದ್ದ ಹಾಗೆ ನಿಮಗೂ ಇದೆ.

ಎರಡು ವಾರ ಬಿಟ್ಟು ಕೈಪಂಪು ಕೂರಿಸಿದರು. ಅವತ್ತು ಬೆಳಿಗ್ಗೆ ನಾನೂ ಹೋಗಿದ್ದೆ. ಫಿಟ್ಟರ್ ಕೊನೆಯ ಬೋಲ್ಟು ಬಿಗಿದು, ನಾಲ್ಕು ಸಲ ಒತ್ತಿ ನೀರು ಬರಿಸಿ, ಬೀಡಿ ಸೇದಲು ಆಚೆ ಹೋದ. ಕಾಲನಿಯ ಹೆಂಗಸರೆಲ್ಲ ಬಂದರು. ಪಂಪಿನ ಮುಂದೆ ಕೊಡಗಳನ್ನು ಸಾಲಾಗಿಟ್ಟರು. ಇಟ್ಟು, ಹತ್ತು ಮಾರು ಹಿಂದೆ ಸರಿದು ನಿಂತರು. ಪಂಪಿನ ಮೂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊದಲು ಪೂಜೆ ಮಾಡಲು ಕಾಯುತ್ತಿದ್ದಾರೆ ಎಂದುಕೊಂಡೆ. ಪೂಜೆಯ ತಟ್ಟೆ ಎಲ್ಲೂ ಕಾಣಲಿಲ್ಲ. ಹಿಂದಿನಿಂದ ನಡೆದು ಬಂದ ಸಿದ್ದಮ್ಮ ಆ ಸಾಲನ್ನೂ ಆ ದೂರವನ್ನೂ ನೋಡಿ ನಿಂತಳು.

“ಯಾರ್ಗ ಕಾಯ್ತಾ ನಿಂತಿದ್ದರ್ರವ್ವ?” ಎಂದಳು. “ಇದು ನಮ್ದು ಕಣ್ರವ್ವ.”

ಆದರೂ ಮೊದಲ ಕೈ ಪಂಪಿನ ಹಿಡಿ ಮುಟ್ಟಲು ಸ್ವಲ್ಪ ಹೊತ್ತು ಹಿಡಿಯಿತು.